ಯಾರಿಗೂ ಬೇಡವಾದ ಕ್ಯಾರಿನ್ಯಾನ್: ಏನೂ ಬೆರೆಸದೆ ವೈನ್ ಮಾಡುವ ಬಗೆ

ಕ್ಯಾರಿನ್ಯಾನ್ ದ್ರಾಕ್ಷಿಗೆ ಬಹುಕಾಲ ಒಳ್ಳೆಯ ಹೆಸರೇ ಇರಲಿಲ್ಲ. ಸ್ಪೇನಿನ ಅರಗಾನ್ ಸೀಮೆಯ ಈ ಕಪ್ಪು ತಳಿ ದಕ್ಷಿಣ ಫ್ರಾನ್ಸಿನ ಲಾಂಗ್ಡಾಕ್ ಪ್ರಾಂತ್ಯವನ್ನೆಲ್ಲ ಆವರಿಸಿ, ಅಗ್ಗದ ವೈನಿನ ಸರಕು ಎನಿಸಿಕೊಂಡಿತು. ಬಿಟ್ಟರೆ ಹೆಕ್ಟೇರಿಗೆ 20,000 ಲೀಟರ್ ವೈನಾಗುವಷ್ಟು ಕಾಯಿ ಹೊರುತ್ತದೆ. ಹಾಗೆ ಹೊತ್ತ ಬಳ್ಳಿಯ ರಸದಲ್ಲಿ ಹುಳಿ ಮತ್ತು ಒಗರು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. 1988ರಿಂದ ಬಳ್ಳಿ ಕಿತ್ತವರಿಗೆ ಯುರೋಪಿನ ಸಮುದಾಯ ಹಣ ಕೊಡತೊಡಗಿದಾಗ ಬೇರುಸಹಿತ ಹೋದ ತೋಟಗಳಲ್ಲಿ ಕ್ಯಾರಿನ್ಯಾನ್‌ನದೇ ದೊಡ್ಡ ಪಾಲು.

ಕೀಳದೆ ಉಳಿಸಿಕೊಂಡ ಕುಟುಂಬಗಳ ಕೈಯಲ್ಲಿ ಈಗ ಇರುವುದು ಹಳೆಯ ಬಳ್ಳಿಗಳು. ಹೊರಗಿನಿಂದ ಯೀಸ್ಟ್, ಕಿಣ್ವ, ಆಮ್ಲ ಸೇರಿಸದೆ, ಸೋಸದೆ, ವೈನ್ ಕೆಡದಂತೆ ಹಾಕುವ ಗಂಧಕವನ್ನು (ಗಂಧಕದ ಡೈಆಕ್ಸೈಡ್) ಇಲ್ಲವೆನ್ನುವಷ್ಟು ಕಡಿಮೆ ಬಳಸಿ ವೈನ್ ಮಾಡಲು ಹೊರಟವರಿಗೆ ಇದಕ್ಕಿಂತ ತಕ್ಕ ತಳಿ ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ. ಬೈಗುಳಕ್ಕೆ ಕಾರಣವಾದ ಆ ಹುಳಿಯೇ ಇಲ್ಲಿ ಕಾವಲಿಗೆ ನಿಲ್ಲುತ್ತದೆ. ಒಗರನ್ನು ಹೇಗೆ ಪಳಗಿಸಬೇಕು ಎನ್ನುವುದಷ್ಟೇ ಉಳಿದ ಪ್ರಶ್ನೆ. ಒಂದು ಟನ್ ಹಣ್ಣನ್ನು ಲೆಕ್ಕಕ್ಕಿಟ್ಟುಕೊಂಡು ಹಂತಹಂತವಾಗಿ ನೋಡೋಣ.

1. ಚಾಟನಿಯಲ್ಲೇ ಅರ್ಧ ಕೆಲಸ

ಹಳೆಯ ಕ್ಯಾರಿನ್ಯಾನ್ ಬಳ್ಳಿಗೆ ತಂತಿಯ ಆಸರೆ ಇರುವುದಿಲ್ಲ. ಗಿಡ್ಡ ಪೊದೆಯಂತೆ ತನ್ನ ಕಾಂಡದ ಮೇಲೆ ತಾನೇ ನಿಂತಿರುತ್ತದೆ. ಚಳಿಗಾಲದಲ್ಲಿ ಕಡ್ಡಿ ಕತ್ತರಿಸುವ ಚಾಟನಿಯಲ್ಲಿ ಗಿಡಕ್ಕೆ ನಾಲ್ಕೈದು ತೋಳು, ತೋಳಿಗೊಂದು ಮೋಟು ಕಡ್ಡಿ, ಕಡ್ಡಿಗೆ ಚಿಗುರೊಡೆಯುವ ಎರಡೇ ಕಣ್ಣು ಬಿಡಿ. ಹೆಕ್ಟೇರಿಗೆ ಎರಡು–ಮೂರು ಸಾವಿರ ಲೀಟರ್ ವೈನ್ ಸಿಕ್ಕರೆ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳದವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು. ಹೊರೆ ಹೆಚ್ಚಾದ ಬಳ್ಳಿಯ ರಸದ ಬಡತನವನ್ನು ಮುಂದಿನ ಯಾವ ಹಂತವೂ ನೀಗಿಸುವುದಿಲ್ಲ. ಚಿಲಿಯ ಮೌಲೆ ಕಣಿವೆಯಲ್ಲಿ ಇದೇ ತಳಿಯ ಮಾನ ಉಳಿಸಿದ ‘ವಿಗ್ನೋ’ ಎಂಬ ಬೆಳೆಗಾರರ ಕೂಟ ಕನಿಷ್ಠ 30 ವರ್ಷದ, ನೀರಾವರಿಯಿಲ್ಲದ ಬಳ್ಳಿಯೇ ಆಗಬೇಕೆಂದು ನಿಯಮ ಹಾಕಿಕೊಂಡಿರುವುದು ಸುಮ್ಮನೆ ಅಲ್ಲ.

ಬೂದಿರೋಗ ಈ ತಳಿಯನ್ನು ಬೇಗ ಹಿಡಿಯುತ್ತದೆ. ಅದಕ್ಕೆ ಗಂಧಕದ ಪುಡಿಯೇ ಮದ್ದು. ಆದರೆ ಕೊಯ್ಲಿಗೆ ಒಂದು ತಿಂಗಳಿಗೂ ಮೊದಲೇ ಅದನ್ನು ನಿಲ್ಲಿಸಬೇಕು. ಸಿಪ್ಪೆಯ ಮೇಲೆ ಉಳಿದ ಗಂಧಕ ತೊಟ್ಟಿಯೊಳಗೆ ಕೊಳೆತ ಮೊಟ್ಟೆಯ ವಾಸನೆಯಾಗಿ ಮೇಲೇಳುತ್ತದೆ.

2. ಕೊಯ್ಲು

ಕ್ಯಾರಿನ್ಯಾನ್ ತಡವಾಗಿ ಮಾಗುತ್ತದೆ. ಸಕ್ಕರೆಯ ಅಂಶ 22–23 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು ಅಷ್ಟು ಗ್ರಾಂ ಸಕ್ಕರೆ) ತಲುಪಿದರೂ ಬೀಜವನ್ನು ಕಚ್ಚಿ ನೋಡಿ. ಹಸಿರಾಗಿ, ನಾಲಿಗೆಯನ್ನು ಹಿಡಿಯುವಂತಿದ್ದರೆ ಕಾಯಿರಿ. ಕಂದು ಬಣ್ಣಕ್ಕೆ ತಿರುಗಿ ಕಟುಂ ಎಂದರೆ ಕತ್ತರಿ ಹಿಡಿಯಿರಿ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.3ರ ಆಸುಪಾಸಿನಲ್ಲಿರುವುದು ಮುಖ್ಯ. ಗಂಧಕದ ಡೈಆಕ್ಸೈಡಿನಲ್ಲಿ ಸೂಕ್ಷ್ಮಾಣುಗಳನ್ನು ತಡೆಯುವ ಭಾಗ ಪಿಎಚ್ 3.3ರಲ್ಲಿ ಇರುವಷ್ಟರ ಅರ್ಧ ಮಾತ್ರ 3.6ರಲ್ಲಿ ಇರುತ್ತದೆ. ಅಂದರೆ ಹುಳಿ ಚೆನ್ನಾಗಿರುವ ವೈನಿಗೆ ಅರ್ಧದಷ್ಟು ಗಂಧಕ ಸಾಕು. ಬಿಸಿಲು ನಾಡಿನಲ್ಲೂ ಹುಳಿಯನ್ನು ಬಿಟ್ಟುಕೊಡದ ಕ್ಯಾರಿನ್ಯಾನ್‌ನ ಹಟ ಕೆಲಸಕ್ಕೆ ಬರುವುದು ಇಲ್ಲಿಯೇ.

ಬೆಳಗಿನ ತಂಪಿನಲ್ಲಿ ಕೈಯಿಂದಲೇ ಕೊಯ್ದು, 15 ಕಿಲೋ ಹಿಡಿಯುವ ಚಿಕ್ಕ ಕ್ರೇಟುಗಳಲ್ಲಿ ಸಾಗಿಸಿ. ದೊಡ್ಡ ಬುಟ್ಟಿಯಾದರೆ ತಳದ ಹಣ್ಣು ಒಡೆದು ರಸ ದಾರಿಯಲ್ಲೇ ಹುಳಿಯುತ್ತದೆ. ಆಯುವ ಮೇಜಿನ ಸುತ್ತ ಮನೆಮಂದಿಯೆಲ್ಲ ನಿಲ್ಲಬೇಕು. ಕೊಳೆತದ್ದು, ಬೂದಿ ಹತ್ತಿದ್ದು, ವಿನೆಗರ್ ವಾಸನೆ ಬರುವುದು ಒಂದೂ ಒಳಹೋಗಬಾರದು. ಔಷಧಿ ಹಾಕದ ತೊಟ್ಟಿಗೆ ಹೋಗುವ ಕೆಟ್ಟ ಗೊಂಚಲು ತನ್ನ ಜೊತೆಗೆ ಬ್ಯಾಕ್ಟೀರಿಯಾದ ಸಂಸಾರವನ್ನೇ ಕರೆದೊಯ್ಯುತ್ತದೆ.

3. ತೋಟದ ಯೀಸ್ಟನ್ನು ಎಬ್ಬಿಸುವುದು

ಈ ಹಂತವನ್ನು ಕೊಯ್ಲಿಗೆ ಒಂದು ವಾರ ಮೊದಲೇ ಶುರು ಮಾಡಬೇಕು. ಅದೇ ತೋಟದ 30 ಕಿಲೋ ಒಳ್ಳೆಯ ಹಣ್ಣನ್ನು ಕೊಯ್ದು, ಮೂರು ಬಕೆಟ್ಟುಗಳಲ್ಲಿ ಬೇರೆಬೇರೆಯಾಗಿ ಹಿಸುಕಿ, ಬಟ್ಟೆ ಮುಚ್ಚಿ 22–25 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿಡಿ. ಮೊದಲು ಏಳುವುದು ದುರ್ಬಲ ಜಾತಿಯ ಯೀಸ್ಟುಗಳು. ಮದ್ಯಸಾರ ಶೇ 4–5 ದಾಟುವಷ್ಟರಲ್ಲಿ ಅವು ಸೋಲುತ್ತವೆ, ಗಟ್ಟಿಗ ಸ್ಯಾಕರೊಮೈಸಿಸ್ ಮೇಲುಗೈ ಪಡೆಯುತ್ತದೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.090ರಿಂದ 1.040ರ ಹತ್ತಿರ ಇಳಿದಾಗ ಮೂರನ್ನೂ ಮೂಸಿ. ಉಗುರು ಬಣ್ಣ ತೆಗೆಯುವ ದ್ರಾವಣದ ವಾಸನೆ ಬಂದದ್ದನ್ನು ಮರುಮಾತಿಲ್ಲದೆ ಚೆಲ್ಲಿ. ಪ್ಯಾಕೆಟ್ಟಿನ ಯೀಸ್ಟ್ ಬೇಡ ಎಂದವರಿಗೆ ಇದೊಂದೇ ವಿಮೆ. ಅದನ್ನೂ ಬೇಡವೆನ್ನುವ ಹಟಮಾರಿಗಳಿದ್ದಾರೆ. ಅವರ ಧೈರ್ಯ ಮೆಚ್ಚಬೇಕು, ಅನುಕರಿಸಬೇಕಿಲ್ಲ.

4. ಗೊಂಚಲು ಒಡೆಯದೆ ತೊಟ್ಟಿಗೆ

ಒಗರನ್ನು ಪಳಗಿಸುವ ಉಪಾಯ ಇದು. 1934ರಲ್ಲಿ ಫ್ರಾನ್ಸಿನ ಮಿಶೆಲ್ ಫ್ಲಾಂಜಿ ಎಂಬ ವಿಜ್ಞಾನಿ ಇದರ ಅಧ್ಯಯನಕ್ಕೆ ಕೈಹಾಕಿದರು. ಮುಂದೆ ಅದೇ ದೇಶದ ಬೋಜೊಲೆ ಸೀಮೆಯ ವೈನ್ ವ್ಯಾಪಾರಿ, ರಸಾಯನಶಾಸ್ತ್ರ ಬಲ್ಲ ಜೂಲ್ ಶೋವೆ ಗಂಧಕವಿಲ್ಲದೆಯೂ ಇದನ್ನು ನಡೆಸಬಹುದೆಂದು ತೋರಿಸಿಕೊಟ್ಟರು. ಇಂದಿನ ‘ಸಹಜ ವೈನ್’ ಮಾಡುವವರಲ್ಲಿ ಅನೇಕರು ಅವರ ದಾರಿ ಹಿಡಿದವರೇ.

ತೊಟ್ಟಿಯ ತಳಕ್ಕೆ ಎಬ್ಬಿಸಿಟ್ಟ ಯೀಸ್ಟಿನ ರಸ ಸುರಿಯಿರಿ. ಅದರ ಮೇಲೆ ಇಂಗಾಲದ ಡೈಆಕ್ಸೈಡ್ ಹಾಯಿಸಿ, ಗೊಂಚಲುಗಳನ್ನು ತೊಟ್ಟುಸಮೇತ ಇಡಿಇಡಿಯಾಗಿ ಮೆಲ್ಲಗೆ ಇಳಿಸಿ ಮುಚ್ಚಳ ಬಿಗಿಯಿರಿ. ಅನಿಲ ಹೊರಹೋಗಲು ಕವಾಟವಿರಲಿ. ಗಾಳಿ ಸಿಗದ ಹಣ್ಣು ಯೀಸ್ಟಿನ ನೆರವಿಲ್ಲದೆ ತನ್ನೊಳಗಿನ ಕಿಣ್ವಗಳಿಂದಲೇ ಶೇ 2ರಷ್ಟು ಮದ್ಯಸಾರ ತಯಾರಿಸುತ್ತದೆ. ಜೊತೆಗೆ ಹಣ್ಣಿಗೆ ಚುರುಕು ಹುಳಿ ಕೊಡುವ ಮ್ಯಾಲಿಕ್ ಆಮ್ಲದ ಒಂದು ಭಾಗವನ್ನೂ ಕರಗಿಸುತ್ತದೆ. ಸಿಪ್ಪೆ ಜಜ್ಜದ ಕಾರಣ, ಬೀಜ ಮುಟ್ಟದ ಕಾರಣ ಒಗರು ಹೆಚ್ಚು ಇಳಿಯುವುದಿಲ್ಲ, ಬಣ್ಣ ಮತ್ತು ಪರಿಮಳ ಇಳಿಯುತ್ತವೆ. 28–30 ಡಿಗ್ರಿಯಲ್ಲಿ ಎಂಟರಿಂದ ಹನ್ನೆರಡು ದಿನ ಬಿಡಿ. 35 ದಾಟಿದರೆ ಯೀಸ್ಟ್ ಸುಸ್ತಾಗಿ ಕೈಚೆಲ್ಲುತ್ತದೆ.

ಆಗಾಗ ಮೇಲಿನ ಗೊಂಚಲಿನಿಂದ ಒಂದು ಹಣ್ಣು ಕಿತ್ತು ಸೀಳಿ ನೋಡಿ. ಮೊದಲೆರಡು ದಿನ ತಿರುಳು ಬೆಳ್ಳಗೇ ಇರುತ್ತದೆ. ಆಮೇಲೆ ಸಿಪ್ಪೆಯ ಅಂಚಿನಿಂದ ಗುಲಾಬಿ ಬಣ್ಣ ಒಳಗೆ ಹಬ್ಬುತ್ತದೆ. ಬೀಜದ ತನಕ ಕೆಂಪಾಗಿ, ಬಾಯಲ್ಲಿಟ್ಟರೆ ಚುರುಗುಟ್ಟಿ, ಚೆರಿ ಹಣ್ಣಿನ ಘಮ ಬಂದಾಗ ಹಿಂಡುವ ಹೊತ್ತು ಬಂದಿದೆ ಎಂದರ್ಥ.

ಇಲ್ಲೊಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಲೀಟರ್ ರಸ ಪೂರ್ತಿ ಹುದುಗುವಾಗ ಸುಮಾರು 50 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರವಾದ ಈ ಅನಿಲ ನೆಲಮಾಳಿಗೆಯಲ್ಲಿ, ತೊಟ್ಟಿಯ ತಳದಲ್ಲಿ ಸದ್ದಿಲ್ಲದೆ ತುಂಬಿಕೊಂಡು ಪ್ರಾಣ ತೆಗೆಯುತ್ತದೆ. ಉರಿಯುವ ಮೇಣದಬತ್ತಿ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಬತ್ತಿ ಆರುವ ಮೊದಲೇ ಮನುಷ್ಯ ಕುಸಿಯಬಹುದು. ಅನಿಲ ಅಳೆಯುವ ಮೀಟರ್ ಮತ್ತು ಜೋರಾಗಿ ಗಾಳಿಯಾಡಿಸುವ ಫ್ಯಾನ್ ಇಲ್ಲದೆ ಕೆಲಸ ಶುರು ಮಾಡಬಾರದು. ತೊಟ್ಟಿಯೊಳಗೆ ಬಿದ್ದವನನ್ನು ಎತ್ತಲು ಇಳಿದವನೂ ಸಾಯುವುದು ಈ ಕಸುಬಿನ ಹಳೆಯ ದುರಂತ.

5. ಹಿಂಡುವುದು, ಮತ್ತು ನಿದ್ದೆಗೆಡಿಸುವ ವಾರ

ಸಾಮಾನ್ಯ ಕೆಂಪು ವೈನಿನಲ್ಲಿ ತಾನಾಗಿ ಹರಿದ ರಸಕ್ಕೆ ಬೆಲೆ ಹೆಚ್ಚು. ಈ ವಿಧಾನದಲ್ಲಿ ಮಾತ್ರ ಹಿಂಡಿದ ರಸವೇ ಮೇಲು, ಪರಿಮಳವೆಲ್ಲ ಹಣ್ಣಿನೊಳಗೆ ಕೂತಿರುತ್ತದೆ. ಎರಡನ್ನೂ ಸೇರಿಸಿ 18–20 ಡಿಗ್ರಿಯಲ್ಲಿ ಹುದುಗಲು ಬಿಡಿ.

ಆಗ ರಸದಲ್ಲಿ ಸಕ್ಕರೆ ಇನ್ನೂ ಬಾಕಿಯಿರುತ್ತದೆ, ಪಿಎಚ್ ಕೊಂಚ ಏರಿರುತ್ತದೆ. ಯೀಸ್ಟ್ ನಿಧಾನಿಸಿದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಆ ಸಕ್ಕರೆಗೆ ಬಾಯಿ ಹಾಕಿ ವಿನೆಗರಿನ ಆಮ್ಲ ಹುಟ್ಟಿಸುತ್ತದೆ. ದಿನಕ್ಕೆ ಎರಡು ಸಲ ಸಾಂದ್ರತೆ ಅಳೆದು ಗೋಡೆಯ ಮೇಲಿನ ಪಟ್ಟಿಯಲ್ಲಿ ಬರೆಯಿರಿ. ಇಳಿಕೆ ನಿಂತರೆ ಮೊದಲು ಕಾವು ಕೊಡಿ, ಆಮೇಲೆ ಚುರುಕಾಗಿರುವ ಬೇರೆ ತೊಟ್ಟಿಯ ರಸ ಸೇರಿಸಿ. ಅಂಕಿ 0.995ಕ್ಕೆ ಇಳಿದು, ಸಕ್ಕರೆ ಲೀಟರಿಗೆ 2 ಗ್ರಾಂಗಿಂತ ಕಡಿಮೆಯಾದ ಮೇಲೆ ಗಂಡಾಂತರ ಮುಗಿಯಿತು.

6. ಚಳಿಗಾಲದ ಕಾವಲು

ಪೀಪಾಯಿಯಲ್ಲಾಗಲಿ ತೊಟ್ಟಿಯಲ್ಲಾಗಲಿ ಬಾಯಿಯವರೆಗೆ ತುಂಬಿಡಿ. ವಾರಕ್ಕೊಮ್ಮೆ ಆರಿದಷ್ಟನ್ನು ಭರ್ತಿ ಮಾಡಿ. ಮೇಲೆ ನಾಲ್ಕು ಬೆರಳು ಗಾಳಿ ಬಿಟ್ಟರೂ ವಿನೆಗರ್ ಬ್ಯಾಕ್ಟೀರಿಯಾಕ್ಕೆ ಸಾಕು. ಉಳಿದ ಮ್ಯಾಲಿಕ್ ಆಮ್ಲ ಮೆತ್ತನೆಯ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗುವ ತನಕ ಗಂಧಕ ಮುಟ್ಟುವಂತಿಲ್ಲ. ಬದಲಾಯಿತೇ ಇಲ್ಲವೇ ಎಂದು ತಿಳಿಯಲು ಆಮ್ಲಗಳನ್ನು ಕಾಗದದ ಮೇಲೆ ಬೇರೆಬೇರೆಯಾಗಿ ತೋರಿಸುವ ಕ್ರೊಮ್ಯಾಟೋಗ್ರಫಿ ಪರೀಕ್ಷೆ ಸಾಕು, ಪ್ರಯೋಗಾಲಯ ಬೇಕಿಲ್ಲ. ಬಳಿಕ ಚಳಿಯೇ ಗಷ್ಟನ್ನು ತಳಕ್ಕೆ ಇಳಿಸುತ್ತದೆ. ಒಮ್ಮೆ ಮಾತ್ರ ತಿಳಿಯನ್ನು ಬೇರೆ ಮಾಡಿ. ಉಳಿದ ಸಮಯವೆಲ್ಲ ಬಿಸಿನೀರು, ಬ್ರಷ್ಷು, ಕೊಳವೆ ತೊಳೆಯುವುದು. ನಿಜ ಹೇಳಬೇಕೆಂದರೆ ಕೈಹಾಕದೆ ಮಾಡಿದ ವೈನ್ ಎಂದು ಹೊಗಳಿಸಿಕೊಳ್ಳುವ ಮನೆಗಳಲ್ಲಿ ಕೈಗಳು ಒಣಗುವುದೇ ಇಲ್ಲ.

7. ಇಲಿಯ ವಾಸನೆ ಮತ್ತು ಗಂಧಕದ ತೀರ್ಮಾನ

ಗಂಧಕವಿಲ್ಲದ ವೈನಿಗೆ ಅಂಟುವ ಕೆಟ್ಟ ರೋಗ ಇಲಿಗೂಡಿನ ವಾಸನೆ. ಲೋಟ ಮೂಸಿದರೆ ಗೊತ್ತಾಗುವುದೇ ಇಲ್ಲ. ವೈನಿನ ಹುಳಿಯಲ್ಲಿ ಅದು ಆವಿಯಾಗುವುದಿಲ್ಲ. ನುಂಗಿದ ಮೇಲೆ ಎಂಜಲು ಬೆರೆತು ಹುಳಿ ತಗ್ಗಿದಾಗ ಗಂಟಲ ಹಿಂದಿನಿಂದ ಮೇಲೇಳುತ್ತದೆ. ಕೆಲವರ ಮೂಗಿಗೆ ಅದು ತಾಕುವುದೂ ಇಲ್ಲ. ಹಾಗಾಗಿ ಮನೆಯಲ್ಲಿ ಒಬ್ಬರಲ್ಲ, ಮೂವರಾದರೂ ರುಚಿ ನೋಡಿ, ಅರ್ಧ ನಿಮಿಷ ಕಾದು ಹೇಳಲಿ. ಅರ್ಧ ತುಂಬಿದ ಬಾಟಲಿಯನ್ನು ಮೂರು ದಿನ ತೆರೆದಿಟ್ಟು ಮತ್ತೆ ಕುಡಿದು ನೋಡಿ.

ಗಟ್ಟಿಯಾಗಿ ನಿಂತರೆ ಗಂಧಕವಿಲ್ಲದೆ ತುಂಬಿಸಬಹುದು. ಅನುಮಾನವಿದ್ದರೆ ಲೀಟರಿಗೆ 20 ಮಿಲಿಗ್ರಾಂ ಹಾಕಿ. ಸುಮಾರು 600 ಲೀಟರ್ ವೈನಿಗೆ ಅದು 12 ಗ್ರಾಂ. ಗಂಧಕ ಹಾಕಲು ಬಳಸುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿಯಲ್ಲಿ ಗಂಧಕದ ಡೈಆಕ್ಸೈಡಿನ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಶೇ 57ರಷ್ಟು, ಆದ್ದರಿಂದ ಸುಮಾರು 21 ಗ್ರಾಂ ಪುಡಿ ತೂಗಿದರೆ ಸರಿ. ಯುರೋಪಿನಲ್ಲಿ ಸಿಹಿಯಿಲ್ಲದ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂವರೆಗೆ ಅವಕಾಶವಿದೆ. ಫ್ರಾನ್ಸಿನಲ್ಲಿ 2020ರಲ್ಲಿ ಬಂದ ‘ವ್ಯಾಂ ಮೆಥೋಡ್ ನಾಚ್ಯೂರ್’ (ಸಹಜ ವಿಧಾನದ ವೈನ್) ನಿಯಮಾವಳಿ 30ರ ಒಳಗಿರಬೇಕೆನ್ನುತ್ತದೆ. ಇಷ್ಟು ಹಾಕಿದವರನ್ನು ಧರ್ಮಭ್ರಷ್ಟರಂತೆ ನೋಡುವವರ ಮಾತಿಗೆ ಕಿವಿಗೊಡಬೇಡಿ. ಒಂದು ವರ್ಷದ ದುಡಿಮೆಯನ್ನು ಇಲಿವಾಸನೆಗೆ ಒಪ್ಪಿಸುವುದರಲ್ಲಿ ಯಾವ ಸಹಜತೆಯೂ ಇಲ್ಲ.

ಗಂಧಕ ಹಾಕದಿದ್ದರೂ ಯೀಸ್ಟ್ ತಾನೇ ಸ್ವಲ್ಪ ಹುಟ್ಟಿಸುತ್ತದೆ. ಲೀಟರಿಗೆ 10 ಮಿಲಿಗ್ರಾಂ ಮೀರಿದರೆ ‘ಸಲ್ಫೈಟ್ ಇದೆ’ ಎಂದು ಚೀಟಿಯಲ್ಲಿ ಬರೆಯಲೇಬೇಕು. ಪರೀಕ್ಷೆ ಮಾಡಿಸಿಯೇ ಚೀಟಿ ಅಚ್ಚು ಹಾಕಿಸಿ. ಸೋಸದ ವೈನಾದ್ದರಿಂದ ತಳದಲ್ಲಿ ಗಷ್ಟು ಕೂರಬಹುದೆಂದೂ, 15 ಡಿಗ್ರಿಗಿಂತ ತಂಪಾದ ಜಾಗದಲ್ಲಿ ಇಡಬೇಕೆಂದೂ ಅದೇ ಚೀಟಿಯಲ್ಲಿ ಸೇರಿಸಿ. ತುಂಬಿಸಿದ ಕೂಡಲೇ ವೈನ್ ಮಂಕಾಗಿರುತ್ತದೆ. ಮೂರು ತಿಂಗಳ ಮೊದಲು ಮಾರಾಟಕ್ಕೆ ಬಿಡಬೇಡಿ.