ಹಾರ್ಡ್‌ಡಿಸ್ಕ್‌ನಲ್ಲಿ ಜಾಗ ಇದ್ದರೂ ಬ್ಯಾಕಪ್ ನಿಲ್ತಿದೆಯಾ?

ಗದಗ-ಬೆಟಗೇರಿಯಲ್ಲಿ ಮದುವೆ ಸೀಸನ್ ಮುಗಿಯಿತು. ಈಗ ವಿಡಿಯೋ ಎಲ್ಲ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕುವ ಕೆಲಸ. ಮೊನ್ನೆ ನನ್ನದು ಅರ್ಧಕ್ಕೇ ನಿಂತಿತು. ಡಿಸ್ಕ್ ಮುಕ್ಕಾಲು ಖಾಲಿ, ಆದರೂ ಫೈಲ್ ದೊಡ್ಡದಾಯಿತು ಅಂತ ಮೆಸೇಜ್. ಫೋಟೊಗಳು ಸಲೀಸಾಗಿ ಹೋಗಿದ್ದವು. ಅಕ್ಷತೆಯ ವಿಡಿಯೋ ಒಂದೇ ಹಟ ಹಿಡಿದಿತ್ತು.

ಸುಮ್ನೆ ಹೊಸ ಡಿಸ್ಕ್ ತರಬೇಡಿ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನ, ಯಾವುದು ನೋಡಿ. ಫ್ಯಾಟ್32 ಅಂತ ಇದ್ದರೆ ಅದೇ ಕಾರಣ. ಎಷ್ಟೇ ಜಾಗ ಇರಲಿ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್‌ಗೆ, ಮ್ಯಾಕ್‌ಗೂ ಹಚ್ಚುವವರು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಆದರೆ ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತದೆ! ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ನಾನು ಹಳೇ ಲ್ಯಾಪ್‌ಟಾಪ್‌ಗೆ ಹಾಕಿದೆ, ಒಂದು ರಾತ್ರಿ ಹಿಡಿಯಿತು.

ಫ್ಯಾಟ್32 ಅಲ್ಲ, ಆದರೂ ಕಾಪಿ ಆಗುವಾಗಲೇ ಡಿಸ್ಕ್ ಮಾಯವಾಗುತ್ತಾ? ಕೇಬಲ್ ಬದಲಿಸಿ ನೋಡಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಯುಎಸ್‌ಬಿ ಪೋರ್ಟ್‌ಗೇ ನೇರವಾಗಿ ಹಚ್ಚಿ, ಒಂದು ಪೋರ್ಟನ್ನು ಹಲವು ಮಾಡುವ ಹಬ್ ಬೇಡ. ನನ್ನ ಹಳೇ ಕೇಬಲ್‌ನ ತುದಿ ಸ್ವಲ್ಪ ಅಲುಗಿಸಿದರೂ ಡಿಸ್ಕ್‌ನ ಲೈಟ್ ಆರುತ್ತಿತ್ತು. ಅಷ್ಟು ಸಾಕಲ್ವಾ ಗೊತ್ತಾಗೋಕೆ?