ಬಾಂಬಿಗೆ ಬಿದ್ದ ನಗರವನ್ನು ಮತ್ತೆ ಕಟ್ಟುವುದು: ನಕ್ಷೆಗಿಂತ ಮೊದಲಿನ ಕೆಲಸಗಳು

ನೆಲಸಮವಾದ ನಗರದ ನಕ್ಷೆ ಮೇಜಿನ ಮೇಲೆ ಬಂದ ಕೂಡಲೇ ನೇರ ರಸ್ತೆ, ದೊಡ್ಡ ಚೌಕ ಬಿಡಿಸಲು ಕೈ ತವಕಿಸುತ್ತದೆ. ಸ್ವಲ್ಪ ತಡೆಯಿರಿ. ಮೇಲಿನ ಕಟ್ಟಡ ಹೋಗಿದ್ದರೂ ಕೆಳಗೆ ಒಳಚರಂಡಿ, ನೀರಿನ ಕೊಳವೆ, ಅಡಿಪಾಯ, ನೆಲಮಾಳಿಗೆ ಹಾಗೇ ಇವೆ. ಎರಡನೇ ಮಹಾಯುದ್ಧದ ಬಳಿಕ ಜರ್ಮನಿಯ ಹಲವು ನಗರಗಳಲ್ಲಿ ಹಳೆಯ ಬೀದಿಗಳೇ ಉಳಿದುಕೊಂಡಿದ್ದಕ್ಕೆ ಅದೂ ಒಂದು ಕಾರಣ: ರಸ್ತೆ ಸರಿಸಿದರೆ ಅಡಿಯಲ್ಲಿ ಚೆನ್ನಾಗಿಯೇ ಇರುವ ಕೊಳವೆಯನ್ನೂ ಅಗೆದು ಸರಿಸಬೇಕು.

ಸಿಡಿಯದ ಬಾಂಬುಗಳನ್ನು ಪರಿಣತರು ತೆಗೆದ ಮೇಲಷ್ಟೇ ಸಮೀಕ್ಷೆಗೆ ಇಳಿಯಿರಿ. ಪ್ರತಿ ಕಟ್ಟಡವನ್ನೂ ದುರಸ್ತಿ, ಬಲಪಡಿಸುವುದು, ಕೆಡವುವುದು ಎಂದು ಮೂರಾಗಿ ಗುರುತಿಸಿ. ಛಾವಣಿ, ಅಂತಸ್ತು ಸುಟ್ಟು ಒಂಟಿಯಾಗಿ ನಿಂತ ಇಟ್ಟಿಗೆ ಗೋಡೆಗೆ ಮೇಸ್ತ್ರಿಯ ತೂಕದ ಗುಂಡು ಇಳಿಬಿಟ್ಟು ನೋಡಿ. ಅಡ್ಡ ಹಿಡಿತ ತಪ್ಪಿದ ಗೋಡೆ ಜೋರು ಗಾಳಿಗೇ ಉರುಳಬಹುದು. ಬೆಂಕಿ ಕಂಡ ಕಾಂಕ್ರೀಟನ್ನು ಕೆತ್ತಿ ಬಣ್ಣ ನೋಡಿ: ಜಲ್ಲಿಯಲ್ಲಿ ಕಬ್ಬಿಣಾಂಶವಿದ್ದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಭಾಗ ನಸುಗೆಂಪಾಗುತ್ತದೆ. ಆ ಕೆಂಪು ಸರಳಿನವರೆಗೂ ಇಳಿದಿದ್ದರೆ ಕೊರೆದು ಮಾದರಿ ತೆಗೆದು ಪರೀಕ್ಷಿಸಲೇಬೇಕು. ಬಣ್ಣ ಬರದಿದ್ದ ಮಾತ್ರಕ್ಕೆ ಗಟ್ಟಿಯಿದೆ ಎಂದುಕೊಳ್ಳಬೇಡಿ.

ಅವಶೇಷದ ಅಂದಾಜಿಗೆ ಸರಳ ಲೆಕ್ಕವಿದೆ: ಉದ್ದ, ಅಗಲ, ಎತ್ತರ ಗುಣಿಸಿ, ಮೂರರಲ್ಲಿ ಒಂದು ಪಾಲು ಹಿಡಿಯಿರಿ. 20 ಮೀಟರ್ ಉದ್ದ, 12 ಮೀಟರ್ ಅಗಲ, 15 ಮೀಟರ್ ಎತ್ತರದ ಕಟ್ಟಡದಿಂದ ಸುಮಾರು 1,200 ಘನ ಮೀಟರ್. 10 ಘನ ಮೀಟರಿನ ಲಾರಿಗೆ 120 ಟ್ರಿಪ್. ಒಂದೇ ಬೀದಿಯ ಲೆಕ್ಕ ಹಾಕಿ ನೋಡಿದರೂ ಇದನ್ನೆಲ್ಲ ಊರಾಚೆ ಸಾಗಿಸುವ ಯೋಚನೆ ಬಿಟ್ಟುಹೋಗುತ್ತದೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಅವಶೇಷದಿಂದ ತನ್ನ ಕೆಲವು ಕಾಲುವೆಗಳನ್ನೇ ತುಂಬಿಸಿತು. ಪೋಲೆಂಡಿನ ವಾರ್ಸಾದ ಮುರಾನುಫ್ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಬೋಹ್ದಾನ್ ಲಾಖೆರ್ಟ್ ಅವಶೇಷದ ದಿಬ್ಬಗಳ ಮೇಲೇ ಮನೆ ನಿಲ್ಲಿಸಿ, ಪುಡಿ ಇಟ್ಟಿಗೆಯ ಕಾಂಕ್ರೀಟ್ ಬ್ಲಾಕ್ ಬಳಸಿದರು.

ಆ ಕಾಂಕ್ರೀಟ್ ಕೆಡುವುದು ಎರಡು ಕಡೆ. ಮೊದಲನೆಯದು ಜಿಪ್ಸಮ್ ಪ್ಲಾಸ್ಟರ್. ಅದು ತೇವದಲ್ಲಿ ಸಿಮೆಂಟಿನ ಜೊತೆ ಸೇರಿ ಉಬ್ಬುತ್ತದೆ, ತಿಂಗಳುಗಳ ಬಳಿಕ ಬ್ಲಾಕ್ ಒಳಗಿನಿಂದಲೇ ಬಿರಿಯುತ್ತದೆ. ಆದ್ದರಿಂದ ಪುಡಿಮಾಡುವ ಮುನ್ನವೇ ಕೈಯಲ್ಲಿ ಆರಿಸಿ. ಸಲ್ಫೇಟ್ ಪ್ರಮಾಣ ಶೇ. 1ರೊಳಗಿರಲಿ. ಎರಡನೆಯದು ನೀರು. ಇಟ್ಟಿಗೆ ಚೂರು ತೂಕದ ಶೇ. 10ಕ್ಕೂ ಹೆಚ್ಚು ನೀರು ಕುಡಿಯಬಲ್ಲದು. ಒಣಗಿದ್ದನ್ನೇ ಕಲಸಿದರೆ ತಳ್ಳುಗಾಡಿಯಲ್ಲೇ ಮಿಶ್ರಣ ಬಿಗಿಯುತ್ತದೆ, ಕೆಲಸದವರು ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ, ಬಲ ಅಲ್ಲಿಗೆ ಹೋಯಿತು. ಹಿಂದಿನ ದಿನವೇ ನೆನೆಸಿ, ಮೇಲ್ಮೈ ಒಣಗಿದ ಮೇಲೆ ಬಳಸಿ. ಈ ಕಾಂಕ್ರೀಟ್ ಗೋಡೆ ಬ್ಲಾಕಿಗೆ ಸಾಕು. ಕಂಬ, ತೊಲೆಗೆ ಬೇಡ. ಸುಣ್ಣದ ಗಾರೆಯ ಇಟ್ಟಿಗೆ ಸುತ್ತಿಗೆಯ ಪೆಟ್ಟಿಗೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ, ಅದನ್ನು ಬೇರೆ ಪೇರಿಸಿ. ಸಿಮೆಂಟ್ ಗಾರೆಯದ್ದು ಒಡೆಯುತ್ತದೆ.

ನೆಲ ತುಂಬಿಸುವಾಗ 20–30 ಸೆಂಟಿಮೀಟರ್ ಪದರಕ್ಕೊಮ್ಮೆ ದಿಮ್ಮಸು ಹಾಕಿ. ಮರದ ತುಂಡು ಸೇರಿದರೆ ಕೊಳೆತು ಪೊಳ್ಳಾಗಿ ನೆಲ ಕುಸಿಯುತ್ತದೆ. ಹಳೆಯ ನೆಲಮಾಳಿಗೆಯ ತಳ ಒಡೆದು ನೀರಿಗೆ ದಾರಿ ಮಾಡಿ ತುಂಬಿಸಿ.

ಈಗ ಜಾಗದ ಹಕ್ಕು. ಯೋಜನೆಗಳು ವರ್ಷಗಟ್ಟಲೆ ಕೂರುವುದು ಇಲ್ಲೇ. ಒಂದು ದಿನಾಂಕ ನಿಗದಿ ಮಾಡಿ ಮಾರಾಟ, ಹೊಸ ಪರವಾನಗಿ ತಡೆಯಿರಿ. ರಾಟರ್‌ಡ್ಯಾಮಿನಲ್ಲಿ 1940ರ ಮೇ 14ರ ದಾಳಿಯಾದ ಕೆಲವೇ ದಿನಗಳಲ್ಲಿ ಸುಟ್ಟ ಪ್ರದೇಶದ ಜಾಗವನ್ನು ಸ್ವಾಧೀನಕ್ಕೆ ತೆಗೆದುಕೊಂಡರು. ವಾರ್ಸಾದಲ್ಲಿ 1945ರ ಅಕ್ಟೋಬರ್ 26ರ ಆದೇಶದಿಂದ ಜಾಗವೆಲ್ಲ ನಗರದ ಪಾಲಾಯಿತು. ಕಟ್ಟುವ ಕೆಲಸ ಬೇಗ ಸಾಗಿತು, ಹಳೆಯ ಮಾಲೀಕರ ದಾವೆಗಳು ಮಾತ್ರ ದಶಕಗಳ ಬಳಿಕವೂ ಮುಗಿಯಲಿಲ್ಲ. ಜಪಾನಿನ ಮರುಹಂಚಿಕೆ ಕ್ರಮ ನಮಗೆ ಹೆಚ್ಚು ಒಪ್ಪಿಗೆ: ಎಲ್ಲರೂ ರಸ್ತೆ, ಉದ್ಯಾನಕ್ಕೆ ಒಂದು ಪಾಲು ಬಿಡುತ್ತಾರೆ. ಶೇ. 25 ಎಂದಿಟ್ಟುಕೊಂಡರೆ 400 ಚದರ ಮೀಟರಿನವರಿಗೆ 300 ಮರಳುತ್ತದೆ. ಬಾಡಿಗೆದಾರರ ಪಟ್ಟಿಯನ್ನೂ ಆಗಲೇ ಮಾಡಿ. ಪತ್ರವಿಲ್ಲದ ಸಣ್ಣ ಅಂಗಡಿಯವರು ಜಾರಿಹೋಗುವುದು ಈ ಹಂತದಲ್ಲೇ.

ಆಮೇಲೆ ಅಳತೆಯ ಮೂಲಮಾನ. ಫ್ರಾನ್ಸಿನ ಲ ಹಾವ್ರ್ ನಗರವನ್ನು 1945ರಿಂದ 1964ರವರೆಗೆ ಕಟ್ಟಿದಾಗ ವಾಸ್ತುಶಿಲ್ಪಿ ಒಗ್ಯುಸ್ತ್ ಪೆರೆ 6.24 ಮೀಟರಿನ ಚೌಕಜಾಲ ಹಾಕಿದರು. ಅದನ್ನು 2, 3, 4, 6ರಿಂದ ಭಾಗಿಸಿ: 3.12, 2.08, 1.56, 1.04. ಎಲ್ಲೂ ಸೆಂಟಿಮೀಟರಿಗಿಂತ ಸಣ್ಣ ಚಿಲ್ಲರೆ ಉಳಿಯದು. ತೊಲೆ, ಕಿಟಕಿ, ಶಟರಿಂಗ್ ಎಲ್ಲ ಕೆಲವೇ ಅಳತೆಗೆ ಬಂದು, ಅದೇ ಅಚ್ಚನ್ನು ಮತ್ತೆ ಮತ್ತೆ ಬಳಸಬಹುದು. ಸಿಮೆಂಟೂ ಕಬ್ಬಿಣವೂ ಸಿಗದ ಕಾಲದಲ್ಲಿ ಇದು ಸೌಂದರ್ಯಕ್ಕಿಂತ ಮೊದಲು ಉಳಿತಾಯ.

ರಸ್ತೆಯ ಅಗಲ ಕೊನೆಗೆ. ನಗೋಯಾ, ಹಿರೋಷಿಮಾಗಳಲ್ಲಿ 100 ಮೀಟರಿನ ರಸ್ತೆಗಳಿವೆ. ಬೆಂಕಿ ತಡೆಯಲು ಸರಿ, ಮರ ಸಾಲು ನೆಡದಿದ್ದರೆ ಬಿಸಿಲುಗಾವಲಿ. ಅಂಗಡಿ ಬೀದಿಗೆ 1953ರ ರಾಟರ್‌ಡ್ಯಾಮಿನ ಲೈನ್‌ಬಾನ್ ನೋಡಿ: ಬೀದಿಯ ಅಗಲ 12 ಮತ್ತು 18 ಮೀಟರ್, ತಗ್ಗು ಅಂಗಡಿ ಸಾಲು, ಮಳೆಗೆ ಚಾವಣಿ, ವಾಹನಕ್ಕೆ ಪ್ರವೇಶವಿಲ್ಲ. ಸರಕು ಬರುವುದು ಹಿಂಬದಿ ರಸ್ತೆಯಿಂದ. ಆ ಹಿಂಬದಿಯಲ್ಲಿ ಲಾರಿ ತಿರುಗುವಷ್ಟು ಜಾಗವನ್ನು ನಕ್ಷೆಯಲ್ಲೇ ಬಿಡಿ, ಇಲ್ಲದಿದ್ದರೆ ಲಾರಿ ಮುಂಬಾಗಿಲಿಗೇ ಬಂದು ನಿಲ್ಲುತ್ತದೆ.