ಎಲ್ಲರೂ ಬಿಟ್ಟ ಕನ್ಚೆರ್ಟೊಗಳೇ ನನಗೆ ವೇದಿಕೆ ಕೊಟ್ಟವು: ನನ್ನ ಅನುಭವ

ನಾನು 9 ವಯಲಿನ್ ಸ್ಪರ್ಧೆಗಳಲ್ಲಿ ನುಡಿಸಿದೆ. 2 ಬಾರಿ ಸೆಮಿಫೈನಲ್ ತಲುಪಿದೆ, ಬಹುಮಾನ ಒಂದೂ ಬರಲಿಲ್ಲ. ಪ್ರವೇಶ ಶುಲ್ಕ, ಪ್ರಯಾಣ, ಜೊತೆಗೆ ನುಡಿಸುವ ಪಿಯಾನೊ ವಾದಕರ ಸಂಭಾವನೆ ಎಲ್ಲ ಸೇರಿ, ಪಾಠ ಹೇಳಿ ಗಳಿಸಿದ್ದರಲ್ಲಿ ಮೂರನೇ ಒಂದು ಭಾಗ ಆ ವರ್ಷಗಳಲ್ಲಿ ಅದಕ್ಕೇ ಹೋಯಿತು. ಹತ್ತನೆಯದಕ್ಕೆ ಅರ್ಜಿ ಹಾಕುವುದನ್ನು ಬಿಟ್ಟು, ಕನ್ಚೆರ್ಟೊಗಳಲ್ಲಿ, ಅಂದರೆ ಒಬ್ಬ ವಾದಕ ಆರ್ಕೆಸ್ಟ್ರಾದೊಡನೆ ನುಡಿಸುವ ಕೃತಿಗಳಲ್ಲಿ, ಅನಾರೋಗ್ಯದಿಂದ ಹಿಂದೆ ಸರಿದ ಸೋಲೊ ವಾದಕರ ಜಾಗದಲ್ಲಿ ಒಂದೇ ದಿನದ ಸೂಚನೆಗೆ ಹೋಗಿ ನುಡಿಸಲು ಸಿದ್ಧನಾದೆ.

ದಾರಿ ಹಳೆಯದೇ. 1999ರಲ್ಲಿ ಶಿಕಾಗೊ ಬಳಿಯ ರವೀನಿಯಾ ಸಂಗೀತೋತ್ಸವದಲ್ಲಿ ಆಂಡ್ರೆ ವಾಟ್ಸ್ ಅವರ ಬದಲಿಗೆ ಚೈಕೋವ್‌ಸ್ಕಿ ನುಡಿಸಿದ ಲಾಂಗ್ ಲಾಂಗ್, 2007ರಲ್ಲಿ ಬಾಸ್ಟನ್ನಿನಲ್ಲಿ ಮಾರ್ತಾ ಆರ್ಗೆರಿಚ್ ಅವರ ಬದಲಿಗೆ ಬಂದ ಯುಜಾ ವಾಂಗ್, ಈ ಇಬ್ಬರು ಪಿಯಾನೊ ವಾದಕರೂ ಹೀಗೆಯೇ ದೊಡ್ಡ ಸಭೆಯ ಕಣ್ಣಿಗೆ ಬಿದ್ದವರು. ನನ್ನದೆಂದು ಹೇಳಿಕೊಳ್ಳಬಹುದಾದದ್ದು ಕೃತಿಗಳ ಆಯ್ಕೆ ಮಾತ್ರ. ಮೆಂಡೆಲ್ಸನ್, ಬ್ರೂಖ್ ಅವರ ವಯಲಿನ್ ಕನ್ಚೆರ್ಟೊಗಳು ಎಲ್ಲರ ಬೆರಳಲ್ಲೂ ಇರುವುದರಿಂದ ಅವುಗಳಿಗೆ ಕರೆ ಬರುವ ಹೊತ್ತಿಗೆ ನನಗಿಂತ ಮುಂದೆ ಎಷ್ಟೋ ಹೆಸರುಗಳಿರುತ್ತವೆ. ಆದರೆ ತಾಲೀಮು ಆರಂಭವಾದ ಮೇಲೆ ಕೃತಿಯನ್ನು ಬದಲಿಸಲು ಆರ್ಕೆಸ್ಟ್ರಾಗೆ ಮನಸ್ಸಿರುವುದಿಲ್ಲ. ಆದ್ದರಿಂದ ಹೆಚ್ಚಿನವರು ಸಿದ್ಧವಿಟ್ಟುಕೊಳ್ಳದ ವಯಲಿನ್ ಕನ್ಚೆರ್ಟೊಗಳನ್ನು ಆರಿಸಿದೆ: ಬಾರ್ಟೋಕ್ ಎರಡನೆಯದು, ಬೆರ್ಗ್, ಷಿಮಾನೋವ್‌ಸ್ಕಿ ಮೊದಲನೆಯದು, ಷೊಸ್ಟಕೋವಿಚ್ ಮೊದಲನೆಯದು, ಈ ನಾಲ್ಕನ್ನೇ ವರ್ಷವಿಡೀ ಅಭ್ಯಾಸದಲ್ಲಿ ಇಟ್ಟುಕೊಂಡೆ. ಹೆಸರಿಲ್ಲದವನ ಬಾರ್ಟೋಕ್ ಯಾರಿಗೆ ಬೇಕು ಎಂದು ನನ್ನ ಗುರುಗಳೂ ಆಗಿನ ಏಜೆಂಟರೂ ಕೇಳಿದರು.

ಸುಮಾರು 20 ತಿಂಗಳು ಫೋನು ಬರಲಿಲ್ಲ. ಬಂದ ಮೊದಲ ಕರೆಯೇ ಬಾರ್ಟೋಕ್‌ಗೆ, ಮರುದಿನ ಸಂಜೆಗೆ. ಕಡೆಂಜಾಕ್ಕೆ (ಸೋಲೊ ವಾದಕ ಒಬ್ಬನೇ ನುಡಿಸುವ ಭಾಗ) ಮುಂಚಿನ ಕ್ವಾರ್ಟರ್‌ಟೋನ್‌ಗಳವರೆಗೆ (ಅರ್ಧಸ್ವರಕ್ಕಿಂತ ಕಿರಿದಾದ ಅಂತರಗಳು) ಎಲ್ಲವೂ ಕೈಯಲ್ಲಿತ್ತು, ಆದರೆ ಆ ಕೃತಿಗೆ ಎರಡು ಮುಕ್ತಾಯಗಳಿವೆ: ಬಾರ್ಟೋಕ್ ಮೊದಲು ಬರೆದದ್ದರಲ್ಲಿ ಕೊನೆಯ ಪುಟಗಳನ್ನು ಆರ್ಕೆಸ್ಟ್ರಾ ಮಾತ್ರ ನುಡಿಸುತ್ತದೆ, ಅದನ್ನು ಬರೆಸಿದ ವಯಲಿನ್ ವಾದಕ ಸೆಕೆಯ್ ಕೇಳಿಕೊಂಡ ಮೇಲೆ ಬರೆದದ್ದರಲ್ಲಿ ವಯಲಿನ್ ಕೊನೆಯವರೆಗೂ ಇರುತ್ತದೆ. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಮೊದಲನೆಯದನ್ನು ಆರಿಸಿದ್ದರು, ನಾನು ಎರಡನೆಯದನ್ನಷ್ಟೇ ಕಲಿತಿದ್ದೆ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ರಿಹರ್ಸಲ್‌ನಲ್ಲಿ ಎರಡು ಬಾರಿ ತಡವರಿಸಿದೆ. ಅಂದು ರಾತ್ರಿ ಸರಿಯಾಗಿ ನುಡಿಸಿದರೂ ಆ ಆರ್ಕೆಸ್ಟ್ರಾ ನನ್ನನ್ನು ಮತ್ತೆ ಕರೆಯಲಿಲ್ಲ. ಈಗ ಕರೆ ಬಂದೊಡನೆ ನಾನು ಮೊದಲು ಕೇಳುವುದು ಆವೃತ್ತಿಯನ್ನು, ಆಮೇಲೆ ಶ್ರುತಿಯನ್ನು.

ಹಣದ ವಿಷಯದಲ್ಲಿ, ಕರೆಗಳು ಶುರುವಾದ ಮೊದಲ ವರ್ಷ ಕಷ್ಟದ್ದು. ಬದಲಿ ಬಂದವರಿಗೆ ಮೂಲ ವಾದಕರ ಸಂಭಾವನೆ ಸಿಗುವುದಿಲ್ಲ. ಸಿಕ್ಕಿದ್ದರಲ್ಲಿ ಏಜೆಂಟರ 20 ಶೇಕಡಾ, ಕೊನೆಯ ಗಳಿಗೆಯ ವಿಮಾನ, ಎರವಲು ವಾದ್ಯದ ವಿಮೆ ಕಳೆದರೆ ಉಳಿದದ್ದು ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಪ್ರಯಾಣವೆಚ್ಚವನ್ನು ಬೇರೆಯಾಗಿಯೇ ಕೇಳಬೇಕೆಂದು ಕಲಿಯಲು ಮೂರು ಕಛೇರಿಗಳು ಬೇಕಾದವು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಬೆರ್ಗ್‌ನ ಕೊನೆಯಲ್ಲಿ ಬಾಖ್‌ನ ಕೋರಾಲ್‌ಗೆ (ಚರ್ಚಿನ ಸ್ತೋತ್ರಗೀತೆ) ಕ್ಲಾರಿನೆಟ್‌ಗಳು ಉತ್ತರಿಸುವ ಭಾಗವನ್ನು ಗೆಳೆಯರಿಂದ 440, 442, 443 ಹರ್ಟ್ಸ್‌ನ ಶ್ರುತಿಗಳಲ್ಲಿ (ಆರ್ಕೆಸ್ಟ್ರಾದಿಂದ ಆರ್ಕೆಸ್ಟ್ರಾಗೆ ಶ್ರುತಿ ಸ್ವಲ್ಪ ಬೇರೆ) ನುಡಿಸಿ ಧ್ವನಿಮುದ್ರಿಸಿಕೊಂಡು, ಯಾವುದು ಬರುತ್ತದೆಂದು ತಿಳಿಯದಂತೆ ಬೆರೆಸಿ ತಿಂಗಳುಗಟ್ಟಲೆ ಅದರೊಡನೆ ಅಭ್ಯಾಸ ಮಾಡಿದೆ. ಅಲ್ಲಿಂದೀಚೆಗೆ ಅಪರಿಚಿತ ಆರ್ಕೆಸ್ಟ್ರಾದ ಜೊತೆ ನನ್ನ ಕಿವಿ ಬೇಗ ನೆಲೆಗೊಳ್ಳುತ್ತದೆ. ನಾಲ್ಕು ಕೃತಿಗಳನ್ನು ಯಾವ ಸರದಿಯಲ್ಲಿ ತಿರುಗಿಸುತ್ತೇನೆ, ಷೊಸ್ಟಕೋವಿಚ್‌ನ ಕಡೆಂಜಾಕ್ಕೆ ಎಡಗೈಯನ್ನು ಹೇಗೆ ಉಳಿಸಿಕೊಳ್ಳುತ್ತೇನೆ ಎಂಬೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಾಲ್ಕು ವರ್ಷಗಳಲ್ಲಿ ಇಂಥ ಕರೆಗಳು 11 ಬಂದಿವೆ, ಕರೆದ ಆರ್ಕೆಸ್ಟ್ರಾಗಳಲ್ಲಿ ಐದು ಮತ್ತೆ ಆಹ್ವಾನಿಸಿವೆ. ಕಳೆದ ತಿಂಗಳು ಬಂದ ಆಹ್ವಾನ ಎರಡು ವರ್ಷ ಮುಂದಿನ ಕಛೇರಿಗೆ, ಪೂರ್ಣ ಸಂಭಾವನೆಯೊಡನೆ. ಅವರು ಕೇಳಿರುವುದು ಮೆಂಡೆಲ್ಸನ್.